ಬಿಸಿಲಲ್ಲಿ ಪಾಸಾದ ಬ್ಯಾಟರಿ

ಹದಿನೈದನೇ ತಾರೀಕು ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಎಂಬತ್ತೆರಡು ವರ್ಷದ ನಿವೃತ್ತ ಗಣಿತದ ಟೀಚರ್ ಒಬ್ಬರು ಊರುಗೋಲು ಕುಟ್ಟುತ್ತ ಠಾಣೆಯ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಎರಡು ಹಾಳೆಯ ದೂರು. ಠಾಣಾ ಬರಹಗಾರ ಮೊದಲ ಹಾಳೆಯನ್ನು ಅರ್ಧ ಓದಿ, ಕನ್ನಡಕ ತೆಗೆದಿಟ್ಟು, ಸಮಾಧಾನ ಹೇಳುವ ದನಿ ತಂದುಕೊಂಡ.

"ಅಜ್ಜೀ, ನಿಮ್ಮ ತಂಗಿಗೆ ಎಪ್ಪತ್ತೆಂಟು ವರ್ಷ. ಶ್ವಾಸಕೋಶದ ಕಾಯಿಲೆ ಬೇರೆ. ವಯೋಸಹಜ ಸಾವು ಅಂತ ಡಾಕ್ಟರೇ ಬರೆದುಕೊಟ್ಟಿದ್ದಾರೆ. ದುಃಖ ಇರುತ್ತೆ, ಆದ್ರೆ..."

"ದುಃಖಕ್ಕೆ ಯಾರಾದ್ರೂ ಠಾಣೆಗೆ ಬರ್ತಾರೇನಪ್ಪಾ? ಎರಡನೇ ಹಾಳೆ ಓದು. ಪ್ರಶ್ನೆಪತ್ರಿಕೆ ಅರ್ಧ ಓದಿ ಉತ್ತರ ಬರೆಯೋರನ್ನ ನಲವತ್ತು ವರ್ಷ ನೋಡಿದ್ದೀನಿ."

ಎರಡನೇ ಹಾಳೆಯಲ್ಲಿ ಬರೀ ಸಮಯಗಳಿದ್ದವು. ಹದಿನಾಲ್ಕನೇ ತಾರೀಕು ಮಧ್ಯಾಹ್ನ 1.40, ಬಿರುಗಾಳಿಗೆ ಕರೆಂಟ್ ಹೋಯಿತು. ತಕ್ಷಣ ಕೆಂಪು ಸಾಕೆಟ್‌ಗೆ ಬ್ಯಾಟರಿಯ ಕರೆಂಟ್ ಬಂತು, ಆಮ್ಲಜನಕದ ಯಂತ್ರ ನಿಲ್ಲಲಿಲ್ಲ. 1.52, ಯಂತ್ರ ನಿಂತಿತು. 1.53, ಕರೆಗಂಟೆ ಒತ್ತಿದೆ, ಅದೂ ಸತ್ತಿತ್ತು. 2.01, ನರ್ಸ್ ಮೆಟ್ಟಿಲು ಹತ್ತಿ ಬಂದಳು. 2.19, ತಂಗಿ ಹೋದಳು. 6.05, ಕರೆಂಟ್ ಬಂತು.

ಇನ್ಸ್‌ಪೆಕ್ಟರ್ ತಮ್ಮ ಕೋಣೆಯ ಬಾಗಿಲಲ್ಲಿ ನಿಂತು ಇಷ್ಟನ್ನೂ ಕೇಳಿಸಿಕೊಂಡಿದ್ದರು. ಐವತ್ಮೂರು ವರ್ಷದ ಈ ಮನುಷ್ಯನ ಸಿಟ್ಟು ಠಾಣೆಗೆಲ್ಲ ಗೊತ್ತಿದ್ದದ್ದೇ. ಕೂಗಾಡುವ ಸಿಟ್ಟಲ್ಲ ಅದು. ಸಿಟ್ಟು ಏರಿದಷ್ಟೂ ದನಿ ಇಳಿಯುತ್ತಿತ್ತು. ಅವರು ಬರಹಗಾರನ ಕೈಯಿಂದ ಹಾಳೆ ತೆಗೆದುಕೊಂಡು, ಟೀಚರಿಗೆ ಕುರ್ಚಿ ಎಳೆದುಕೊಟ್ಟರು.

"ಬ್ಯಾಟರಿ ಎಷ್ಟು ಹೊತ್ತು ನಡೀಬೇಕಿತ್ತು ಅಮ್ಮಾ?"

"ಎಂಟು ಗಂಟೆ. ನಮ್ಮನ್ನ ಆ ವಸತಿಗೆ ಸೇರಿಸಿಕೊಳ್ಳುವಾಗ ಕೊಟ್ಟ ಪುಸ್ತಕದಲ್ಲೇ ಅಚ್ಚಾಗಿದೆ."

"ನಡೆದದ್ದು?"

"ಹನ್ನೆರಡು ನಿಮಿಷ. ನನ್ನ ಕಣ್ಣೆದುರಿಗೆ ಅವಳ ತುಟಿ ನೀಲಿಯಾಯ್ತು. ನಾನು ಗಡಿಯಾರ ನೋಡ್ತಾ ಕೂತಿದ್ದೆ. ಬೇರೆ ಏನು ಮಾಡೋದು ಅಂತ ತಿಳೀಲಿಲ್ಲ."

"ಈಗ ನಮ್ಮಿಂದ ಏನಾಗಬೇಕು?"

"ವಯಸ್ಸಾಗಿತ್ತು, ಹೋದಳು ಅಂತ ಬರೆದಿದ್ದಾರಲ್ಲ, ಅದನ್ನ ಹೊಡೆದುಹಾಕಬೇಕು. ಅವಳು ತಾನಾಗಿ ಹೋಗಲಿಲ್ಲ. ಹನ್ನೆರಡು ಗಂಟೆಗೆ ಅಂತ್ಯಕ್ರಿಯೆ ಇಟ್ಟುಕೊಂಡಿದ್ದಾರೆ. ಅದು ಮುಗಿದ್ರೆ ನಿಮ್ಮ ಕೈಯಲ್ಲೂ ಏನೂ ಉಳಿಯಲ್ಲ."

ಒಂಬತ್ತು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು: ನಿರ್ಲಕ್ಷ್ಯದಿಂದ ಸಾವು, ಆರೋಪಿ ಅಪರಿಚಿತ. ಹತ್ತೂವರೆಗೆ ಜೀಪು ಆ ಹಿರಿಯರ ವಸತಿಯ ಗೇಟಿನಲ್ಲಿತ್ತು. ಶವದ ವಾಹನ ಆಗಲೇ ಬಂದು ನಿಂತಿತ್ತು. ನಲವತ್ತರ ಆಸುಪಾಸಿನ ಮ್ಯಾನೇಜರ್ ಬಿಳಿ ಹೂವಿನ ಗುಚ್ಛ ಹಿಡಿದು ಓಡಿ ಬಂದ.

"ಸಾರ್, ಇಲ್ಲಿ ಎಲ್ಲರೂ ವಯಸ್ಸಾದವರು. ಪೋಸ್ಟ್‌ಮಾರ್ಟಂ ಅಂತೆಲ್ಲ ಅಂದ್ರೆ ಅವರ ಭಾವನೆಗಳಿಗೆ..."

"ದೂರು ಕೊಟ್ಟವರೂ ವಯಸ್ಸಾದವರೇ. ಅವರ ಭಾವನೆ ಕೇಳಿಕೊಂಡೇ ಬಂದಿದ್ದೀನಿ. ವಾಹನ ಆಸ್ಪತ್ರೆಗೆ ತಿರುಗಿಸಿ."

ನಾಲ್ಕು ಮಹಡಿಯ ಕಟ್ಟಡ, ತೊಂಬತ್ತಾರು ನಿವಾಸಿಗಳು. ಚಾವಣಿ ತುಂಬ ಸೋಲಾರ್ ಫಲಕಗಳು, ಮಳೆನೀರಿನ ತೊಟ್ಟಿ, ಅಡುಗೆಮನೆಯ ಕಸ ಗೊಬ್ಬರವಾಗುವ ಗುಂಡಿ, ಗಾಲಿಕುರ್ಚಿಯಲ್ಲಿ ಕೂತೇ ಕಳೆ ಕೀಳಬಹುದಾದ ಎತ್ತರದ ತರಕಾರಿ ಮಡಿಗಳು. ನೋಡಿ ನಗಾಡುವಂಥದ್ದು ಯಾವುದೂ ಇರಲಿಲ್ಲ. ಎಲ್ಲವೂ ಒಳ್ಳೆಯ ಕೆಲಸವೇ. ಮುಂಬಾಗಿಲಿನ ಎದುರು ಗೋಡೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ಒಂದು ಪ್ರಮಾಣಪತ್ರ: ಹೊಗೆಯಿಲ್ಲದ ವಸತಿ, ವರ್ಷವಿಡೀ ಒಂದು ಹನಿ ಡೀಸೆಲ್ ಸುಡದ ಮನೆ. ಹಳೆಯ ಜನರೇಟರನ್ನು ಎರಡು ವರ್ಷದ ಹಿಂದೆ ತೆಗೆದುಹಾಕಿ, ಅದು ಇದ್ದ ಕಟ್ಟೆಯ ಮೇಲೆ ಹೂಕುಂಡಗಳನ್ನು ಜೋಡಿಸಿದ್ದರು.

ಮೂರನೇ ಮಹಡಿಯ ಕೋಣೆಯ ಪಂಚನಾಮೆ ಹನ್ನೊಂದು ಇಪ್ಪತ್ತಕ್ಕೆ ಶುರುವಾಯಿತು. ಎರಡು ಮಂಚ, ನಡುವೆ ಒಂದು ಮೇಜು, ಗೋಡೆಯಲ್ಲಿ ಮೂರು ಬಿಳಿ ಸಾಕೆಟ್, ಒಂದು ಕೆಂಪು. ಕರೆಂಟ್ ಹೋದಾಗ ಬ್ಯಾಟರಿಯಿಂದ ಜೀವ ಹಿಡಿಯುವುದು ಈ ಕೆಂಪು ಸಾಕೆಟ್ ಮಾತ್ರ. ಆಮ್ಲಜನಕದ ಯಂತ್ರದ ಪ್ಲಗ್ ಈಗಲೂ ಅದರಲ್ಲೇ ಇತ್ತು. ಬರೆದುಕೊಳ್ಳುತ್ತಿದ್ದವನು ಹೆಡ್ ಕಾನ್‌ಸ್ಟೇಬಲ್. ಪೊಲೀಸ್ ಸೇರುವ ಮುಂಚೆ ಎರಡು ವರ್ಷ ಎಲೆಕ್ಟ್ರಿಷಿಯನ್ ಕೆಲಸ ಕಲಿತಿದ್ದರಿಂದ ಇಡೀ ಠಾಣೆ ಅವನನ್ನು ಕರೆಯುತ್ತಿದ್ದದ್ದು ತಂತಿ ಎಂದೇ. ಠಾಣೆಯ ಫ್ಯಾನು ಕೆಟ್ಟಾಗ ಮಾತ್ರ ತಂತಿಯಣ್ಣ.

ನರ್ಸ್‌ಗೆ ಇಪ್ಪತ್ತೈದು ವರ್ಷವಿರಬಹುದು. ಕಣ್ಣು ಊದಿಕೊಂಡಿತ್ತು.

"ಸಿಲಿಂಡರ್ ಎಷ್ಟಿತ್ತು?"

"ಎರಡು ಸಾರ್."

"ಆಮ್ಲಜನಕದ ಮೇಲೆ ಇರೋರು ಎಷ್ಟು ಜನ?"

"ಮೂರು." ಅವಳು ನೆಲ ನೋಡಿದಳು. "ಲಿಫ್ಟ್ ನಿಂತಿತ್ತು. ಸಿಲಿಂಡರ್ ಹೊತ್ತುಕೊಂಡು ಹತ್ತಿದೆ. ಒಂದನೇ ಮಹಡಿ ಅಜ್ಜನಿಗೆ ಒಂದು ಹಾಕಿದೆ. ಎರಡನೇ ಮಹಡಿ ಅಜ್ಜಿಗೆ ಒಂದು. ಮೂರನೇ ಮಹಡಿಗೆ ಬಂದಾಗ ಕೈ ಖಾಲಿ. ಹತ್ತಿರ ಇದ್ದವರಿಗೆ ಮೊದಲು ಕೊಟ್ಟೆ ಸಾರ್, ಅದು ತಪ್ಪಾ?"

"ತಪ್ಪು ನಿಮ್ಮದಲ್ಲಮ್ಮ. ಮೂರು ಜನಕ್ಕೆ ಎರಡೇ ಯಾಕಿತ್ತು?"

"ಬ್ಯಾಟರಿ ಎಂಟು ಗಂಟೆ ಬರುತ್ತೆ, ಇನ್ನು ಸಿಲಿಂಡರ್ ಯಾಕೆ ಅಂತ ಹೇಳ್ತಿದ್ರು."

"ಯಾರು?"

"ಎಲ್ರೂ."

"ಎಲ್ರೂ ಅನ್ನೋ ಮನುಷ್ಯ ಇದ್ದಾನಲ್ಲ," ಎಂದರು ಇನ್ಸ್‌ಪೆಕ್ಟರ್ ತಂತಿಯ ಕಡೆ ತಿರುಗಿ, "ಇಪ್ಪತ್ತೆಂಟು ವರ್ಷದ ಸರ್ವಿಸ್‌ನಲ್ಲಿ ಅವನೊಬ್ಬನನ್ನ ಅರೆಸ್ಟ್ ಮಾಡೋಕೆ ಆಗಿಲ್ಲ ನೋಡು."

ಕೆಳಗೆ ಆಫೀಸಿನಲ್ಲಿ ಮ್ಯಾನೇಜರ್ ಕೇಳುವ ಮೊದಲೇ ಶುರುಮಾಡಿದ. ಬ್ಯಾಟರಿಗೂ ತನಗೂ ಸಂಬಂಧವಿಲ್ಲ, ಕರೆಂಟಿನ ವಿಷಯವೆಲ್ಲ ನಿವಾಸಿಗಳ ಹಸಿರು ಸಮಿತಿ ನೋಡಿಕೊಳ್ಳುತ್ತದೆ, ತಾನು ತೋರಿಸಿದಲ್ಲಿ ಸಹಿ ಹಾಕುವವನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗಿರಾಕಿ. ಆಮೇಲೆ ದೊಡ್ಡ ಭರವಸೆಯಿಂದ ಒಂದು ರಿಜಿಸ್ಟರ್ ಮುಂದಿಟ್ಟ.

"ಪ್ರತಿ ತಿಂಗಳ ಮೊದಲ ಶನಿವಾರ ಡ್ರಿಲ್ ಮಾಡ್ತೀವಿ ಸಾರ್. ಮೇನ್ ಸ್ವಿಚ್ ಆಫ್ ಮಾಡಿ ಅರ್ಧ ಗಂಟೆ ಕೆಂಪು ಸಾಕೆಟ್ ನಡೆಸ್ತೀವಿ. ಒಂದು ಸಲವೂ ಫೇಲ್ ಆಗಿಲ್ಲ."

ಹದಿನಾಲ್ಕು ತಿಂಗಳು, ಹದಿನಾಲ್ಕು ಸಾಲು. ಸಮಯ ಬೆಳಿಗ್ಗೆ ಹನ್ನೊಂದು. ಫಲಿತಾಂಶ ಯಶಸ್ವಿ. ಕೆಳಗೆ ಮ್ಯಾನೇಜರನ ಸಹಿ. ಆ ಸಾವಿಗೆ ಹತ್ತು ದಿನ ಮುಂಚೆಯೂ ಯಶಸ್ವಿ. ಅರ್ಧ ಗಂಟೆ ದಣಿವಿಲ್ಲದೆ ನಡೆದ ಬ್ಯಾಟರಿ ಹತ್ತೇ ದಿನದಲ್ಲಿ ಹನ್ನೆರಡು ನಿಮಿಷಕ್ಕೆ ಮಗುಚಿಕೊಂಡದ್ದು ಹೇಗೆ ಎಂದು ಇನ್ಸ್‌ಪೆಕ್ಟರ್‌ಗೆ ಹೊಳೆಯಲಿಲ್ಲ. ತಂತಿ ರಿಜಿಸ್ಟರನ್ನು ತನ್ನ ಕಡೆ ತಿರುಗಿಸಿಕೊಂಡು ಬೆರಳಿಟ್ಟು ಓದುತ್ತಿದ್ದ. ಎರಡು ಕಡೆ ಬೆರಳು ನಿಂತಿತು.

"ಸಾರ್, ಇಲ್ಲಿ ನೋಡಿ. 'ಮೋಡದ ಕಾರಣ ಡ್ರಿಲ್ ಮಂಗಳವಾರಕ್ಕೆ ಮುಂದೂಡಲಾಗಿದೆ.' ಇಲ್ಲೂ ಅಷ್ಟೆ."

"ವಯಸ್ಸಾದವರು ಅಂಗಳಕ್ಕೆ ಬರಬೇಕಲ್ಲ ಸಾರ್, ನೆನೆಯಬಾರದು ಅಂತ," ಎಂದ ಮ್ಯಾನೇಜರ್. "ಸಮಿತಿ ಹಾಗೆ ಹೇಳಿತ್ತು. ಬಿಸಿಲಿದ್ದ ದಿನ, ಹನ್ನೊಂದು ಗಂಟೆಗೇ ಮಾಡಿ ಅಂತ."

ತಂತಿಗೆ ನಗು ಬರಲಿಲ್ಲ. "ಬಿಸಿಲಲ್ಲಿ ಹನ್ನೊಂದು ಗಂಟೆಗೆ ಮೇನ್ ಆಫ್ ಮಾಡಿದ್ರೆ ಕೆಂಪು ಸಾಕೆಟ್ ನಡೆಸೋದು ಬ್ಯಾಟರಿ ಅಲ್ಲ ಸಾರ್, ಚಾವಣಿ ಮೇಲಿನ ಫಲಕಗಳು. ಬ್ಯಾಟರಿ ಇದ್ರೂ ಒಂದೇ, ಇಲ್ಲದಿದ್ರೂ ಒಂದೇ. ನಿಜವಾಗಿ ಕರೆಂಟ್ ಹೋಗೋದು ಬಿರುಗಾಳಿ ದಿನ, ಮೋಡ ಮುಚ್ಚಿದಾಗ. ಇವರು ಹದಿನಾಲ್ಕು ತಿಂಗಳಿಂದ ಪರೀಕ್ಷೆ ಮಾಡಿದ್ದು ಸೂರ್ಯನ್ನ."

ಇನ್ಸ್‌ಪೆಕ್ಟರ್ ರಿಜಿಸ್ಟರ್ ಮುಚ್ಚಿದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಅವರು ಬೇಕಾದಷ್ಟು ನೋಡಿದ್ದರು. ಬತ್ತಿದ ಬಾವಿಗೆ ತಿಂಗಳು ತಿಂಗಳು ನೀರಿದೆ ಎಂದು ಬರೆದು ಸಹಿ ಹಾಕುವವರನ್ನು ನೋಡಿದ್ದು ಇದೇ ಮೊದಲು.

ಬ್ಯಾಟರಿ ಕೋಣೆ ನೆಲಮಾಳಿಗೆಯಲ್ಲಿತ್ತು. ಬಾಗಿಲಲ್ಲೇ ಹುಳಿ ವಾಸನೆ. ಇಪ್ಪತ್ನಾಲ್ಕು ಬ್ಯಾಟರಿಗಳಲ್ಲಿ ಹದಿನೇಳು ಪಕ್ಕ ಉಬ್ಬಿ ನಿಂತಿದ್ದವು. ಗೋಡೆಯ ನಿಯಂತ್ರಣ ಪೆಟ್ಟಿಗೆಯಲ್ಲಿ ಎಚ್ಚರಿಕೆಯ ದೀಪವಿರಬೇಕಾದ ಕಡೆ ಹಸಿರು ಎಲೆಯ ಚಿತ್ರದ ದುಂಡು ಸ್ಟಿಕರ್ ಅಂಟಿತ್ತು; ಆ ಪ್ರಮಾಣಪತ್ರದ ಜೊತೆ ಬಂದ ಸ್ಟಿಕರ್. ತಂತಿ ಉಗುರಿನಿಂದ ಅದನ್ನು ಎಬ್ಬಿಸಿದ. ಒಳಗೆ ಕೆಂಪು ದೀಪ ಉರಿಯುತ್ತಲೇ ಇತ್ತು. ಎಚ್ಚರಿಕೆ ಕೂಗುವ ಬಜರ್‌ನ ವೈರನ್ನು ಬಿಚ್ಚಿ, ತುದಿಗೆ ಟೇಪು ಸುತ್ತಿ, ಮಡಚಿ, ದಾರದಿಂದ ಅಚ್ಚುಕಟ್ಟಾಗಿ ಕಟ್ಟಿದ್ದರು.

"ಕೆಲಸ ಗೊತ್ತಿರೋರ ಕೈ ಸಾರ್," ಎಂದ ತಂತಿ. "ಗೊತ್ತಿಲ್ಲದವನಾಗಿದ್ರೆ ಕತ್ತರಿಸಿ ಬಿಡ್ತಿದ್ದ. ಇವರು ಮತ್ತೆ ಜೋಡಿಸೋ ಹಾಗೆ ಜೋಪಾನ ಮಾಡಿ ಇಟ್ಟಿದ್ದಾರೆ."

ಹೊರಗೆ ಥಳುಕು, ಒಳಗೆ ಹುಳುಕು ಎಂಬ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಪಂಚನಾಮೆ ಮುಗಿಸಿ ಕೋಣೆಗೆ ಸೀಲು ಹಾಕಿದರು. ಸಂಜೆಯೊಳಗೆ ಒಂದು ಬಾಡಿಗೆ ಜನರೇಟರ್ ತಂದು ನಿಲ್ಲಿಸಬೇಕು, ಆಸ್ಪತ್ರೆಯಿಂದ ಆರು ಸಿಲಿಂಡರ್ ತರಿಸಬೇಕು ಎಂದು ಇನ್ಸ್‌ಪೆಕ್ಟರ್ ಮ್ಯಾನೇಜರನಿಗೆ ಬರವಣಿಗೆಯಲ್ಲೇ ಆದೇಶ ಕೊಟ್ಟರು. ಬಿರುಗಾಳಿಯ ಕಾಲ ಇನ್ನೂ ಮುಗಿದಿರಲಿಲ್ಲ, ಮೇಲೆ ಎರಡು ಜೀವ ಕೆಂಪು ಸಾಕೆಟ್ ನಂಬಿಕೊಂಡು ಮಲಗಿದ್ದವು.

ಹದಿನಾರನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ಎರಡೂ ರೋಗಿಗಳನ್ನು ಸಿಲಿಂಡರಿಗೆ ಹಾಕಿ, ಜನರೇಟರನ್ನು ಕಾವಲಿಗೆ ಚಾಲೂ ಇಟ್ಟು, ಚಾವಣಿಯ ಫಲಕಗಳ ಸಂಪರ್ಕವನ್ನೂ ಮೇನ್ ಸ್ವಿಚ್ಚನ್ನೂ ತೆಗೆದರು. ಬ್ಯಾಟರಿ ಹನ್ನೊಂದು ನಿಮಿಷ ಐವತ್ತು ಸೆಕೆಂಡ್ ಬದುಕಿತು. ಟೀಚರ್ ಕೊಟ್ಟ ಲೆಕ್ಕಕ್ಕೆ ಹತ್ತು ಸೆಕೆಂಡು ಕಮ್ಮಿ.

ಅಂಗಳದಲ್ಲಿ ಜನರೇಟರ್ ಗುರುಗುಡುತ್ತಿದ್ದಾಗ ಎತ್ತರದ ಮುದುಕರೊಬ್ಬರು ಇಸ್ತ್ರಿ ಮಾಡಿದ ಶರ್ಟಿನ ಜೇಬಿನಲ್ಲಿ ಎರಡು ಪೆನ್ಸಿಲ್ ಸಿಕ್ಕಿಸಿಕೊಂಡು ಬಂದರು. ಎಪ್ಪತ್ತಾರು ವರ್ಷ. ವಿದ್ಯುತ್ ಸ್ಥಾವರವೊಂದರಲ್ಲಿ ಚೀಫ್ ಎಂಜಿನಿಯರ್ ಆಗಿ ನಿವೃತ್ತರಾದವರು, ಈಗ ಹಸಿರು ಸಮಿತಿಯ ಅಧ್ಯಕ್ಷರು. ವಸತಿಯಲ್ಲಿ ಎಲ್ಲರಿಗೂ ಅವರು ಚೀಫ್. ಯಾರ ಕಿವಿಯ ಯಂತ್ರ ಕೆಟ್ಟರೂ, ಯಾರ ಟಾರ್ಚು ಹತ್ತದಿದ್ದರೂ ರಿಪೇರಿ ಅವರದ್ದೇ.

"ಇನ್ಸ್‌ಪೆಕ್ಟರ್, ನಿಮ್ಮ ಕೆಲಸಕ್ಕೆ ನಾನು ಅಡ್ಡಿ ಬರಲ್ಲ. ಆದ್ರೆ ತಿಳಿದಿರಲಿ, ಇಪ್ಪತ್ಮೂರು ತಿಂಗಳು ಇಲ್ಲಿ ಡೀಸೆಲ್ ಹೊಗೆ ಎದ್ದಿರಲಿಲ್ಲ. ಇವತ್ತು ಆ ದಾಖಲೆ ಹೋಯ್ತು. ಮುಂದಿನ ವಾರ ಪ್ರಮಾಣಪತ್ರದವರು ತಪಾಸಣೆಗೆ ಬರ್ತಾರೆ."

"ಮೊನ್ನೆ ಒಂದು ಜೀವ ಹೋಯ್ತು ಸಾರ್," ಎಂದರು ಇನ್ಸ್‌ಪೆಕ್ಟರ್. ದನಿ ಎಷ್ಟು ಕೆಳಗಿಳಿದಿತ್ತೆಂದರೆ ಜನರೇಟರಿನ ಸದ್ದಿನಲ್ಲಿ ಅದು ಚೀಫ್‌ಗೆ ಕೇಳಿಸಿತೋ ಇಲ್ಲವೋ.

ಹದಿನೇಳರಂದು ವಸತಿಯ ಎಲೆಕ್ಟ್ರಿಷಿಯನ್ ಠಾಣೆಗೆ ಬಂದ. ಎಂಟು ವರ್ಷದಿಂದ ಅಲ್ಲೇ ಕೆಲಸ. ಮೊದಲ ಅರ್ಧ ಗಂಟೆ ಗೊತ್ತಿಲ್ಲ ಸಾರ್ ಎಂಬ ಒಂದೇ ಪಲ್ಲವಿ. ತಂತಿ ಅವನ ಪಕ್ಕ ಕುರ್ಚಿ ಹಾಕಿಕೊಂಡು ಕೂತ.

"ಬ್ಯಾಟರಿ ಉಬ್ಬಿರೋದು ನಿನ್ನ ಕಣ್ಣಿಗೆ ಬೀಳಲಿಲ್ಲ ಅಂದ್ರೆ ನಾನು ನಂಬ್ತೀನಾ? ನಾನೂ ಆ ಕೆಲಸ ಕಲಿತವನೇ."

ಅವನು ಅಳುವುದಕ್ಕೆ ಶುರುಮಾಡಿದ. "ಹೇಳಿದ್ದೆ ಸಾರ್. ಬರೆದೂ ಕೊಟ್ಟಿದ್ದೆ."

ಅಲ್ಲಿಯ ಪದ್ಧತಿ ಹೀಗೆ: ಯಾವ ರಿಪೇರಿ ಬೇಕಿದ್ದರೂ ಎಲೆಕ್ಟ್ರಿಷಿಯನ್ ಕಾರ್ಬನ್ ಇಟ್ಟು ಚೀಟಿ ಬರೆಯಬೇಕು. ಬಿಳಿ ಚೀಟಿ ಸಮಿತಿಯಲ್ಲಿ ಉಳಿಯುತ್ತದೆ, ಗುಲಾಬಿ ಚೀಟಿಯ ಮೇಲೆ ಉತ್ತರ ಬರೆದು ಅವನಿಗೆ ವಾಪಸ್ ಕಳಿಸುತ್ತಾರೆ. ಸಮಿತಿಯ ಕಡತದಲ್ಲಿ ಬಿಳಿ ಚೀಟಿ ಇರಲಿಲ್ಲ. ಗುಲಾಬಿ ಚೀಟಿ ಅವನ ಹತ್ತಿರ ಇತ್ತು, ನಾಲ್ಕಾಗಿ ಮಡಚಿ ಹತಾರದ ಪೆಟ್ಟಿಗೆಯ ಮುಚ್ಚಳಕ್ಕೆ ಒಳಗಿನಿಂದ ಅಂಟಿಸಿಟ್ಟಿದ್ದ. ನಾಲ್ಕು ತಿಂಗಳ ಹಿಂದಿನ ತಾರೀಕು. 'ಹದಿನೇಳು ಬ್ಯಾಟರಿ ಉಬ್ಬಿವೆ. ಎಲ್ಲ ಬದಲಿಸಬೇಕು. ಮೂರು ವಾರದ ಕೆಲಸ. ಅಲ್ಲಿವರೆಗೆ ಬಾಡಿಗೆ ಜನರೇಟರ್ ಬೇಕು.' ಕೆಳಗೆ ಪೆನ್ಸಿಲಿನಲ್ಲಿ, ಅಚ್ಚು ಹಾಕಿದಂಥ ಬಿಡಿ ಅಕ್ಷರಗಳಲ್ಲಿ ಎರಡೇ ಪದ: 'ತಪಾಸಣೆಯ ನಂತರ.' ಸಹಿ ಇಲ್ಲ.

"ಇದನ್ನ ಬರೆದದ್ದು ಯಾರು?"

"ಗೊತ್ತಿಲ್ಲ ಸಾರ್. ಆಫೀಸಿನ ಪೆಟ್ಟಿಗೆಗೆ ಹಾಕ್ತೀನಿ, ಪೆಟ್ಟಿಗೆಯಿಂದ ತಗೋತೀನಿ."

"ಬಜರ್ ಬಿಚ್ಚಿದ್ದು?"

"ನಾನಲ್ಲ, ನನ್ನ ಮಕ್ಕಳಾಣೆ. ಚೀಟಿ ಕೊಟ್ಟ ಮೇಲೂ ದಿನಾ ಕೂಗ್ತಿತ್ತು. ಒಂದು ದಿನ ಹೋಗಿ ನೋಡಿದ್ರೆ ನಿಂತಿತ್ತು. ಸರಿಹೋಯ್ತು ಅಂದುಕೊಂಡೆ."

"ಅಂದುಕೊಂಡೆಯಾ?"

ಎಲೆಕ್ಟ್ರಿಷಿಯನ್ ಬಹಳ ಹೊತ್ತು ಕೈ ಉಜ್ಜಿಕೊಂಡ. "ಇಲ್ಲ ಸಾರ್. ಮತ್ತೆ ಕೇಳಿದ್ರೆ ಕೆಲಸ ಹೋಗುತ್ತೆ ಅಂತ ಸುಮ್ಮನಾದೆ."

ಇನ್ಸ್‌ಪೆಕ್ಟರ್‌ಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಜೊತೆಗೇ, ಬರೆದುಕೊಟ್ಟವನು ಇವನೊಬ್ಬನೇ ಎಂಬುದೂ ನೆನಪಾಯಿತು. ಎರಡೂ ನಿಜವೇ. ಹೇಳಿಕೆ ಬರೆಸಿಕೊಂಡು ಕಳಿಸಿದರು.

ಮ್ಯಾನೇಜರನ ಕೈಬರಹ ತರಿಸಿ ನೋಡಿದರೆ ಅದು ಕೋಳಿ ಕೆದರಿದ ಅಂಗಳ. ಚೀಟಿಯ ಅಕ್ಷರ ಅವನದಲ್ಲ.

ಸಂಜೆ ಐದಕ್ಕೆ ಪೋಸ್ಟ್‌ಮಾರ್ಟಂ ವರದಿ ಬಂತು. ಸಾವಿಗೆ ಕಾರಣ: ಆಮ್ಲಜನಕದ ಪೂರೈಕೆ ನಿಂತದ್ದು. ಇನ್ಸ್‌ಪೆಕ್ಟರ್ ಅದರ ಪ್ರತಿಯನ್ನು ತಾವೇ ಮೂರನೇ ಮಹಡಿಗೆ ಒಯ್ದರು. ಟೀಚರ್ ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಪಕ್ಕದ ಮಂಚದ ಹಾಸಿಗೆಯನ್ನು ಯಾರೋ ಸುತ್ತಿಟ್ಟಿದ್ದರು.

"ಸರಿ. ಅವಳದ್ದು ಸರಿಯಾಯ್ತು," ಎಂದರು. "ಈಗ ಯಾರು ಅಂತ ಹೇಳಿ."

"ಇನ್ನೂ ಗೊತ್ತಾಗಿಲ್ಲ ಅಮ್ಮಾ. ಈ ಅಕ್ಷರ ಇಲ್ಲಿ ಯಾರದ್ದು ಅಂತ ನಿಮಗೇನಾದ್ರೂ..."

ಚೀಟಿ ನೋಡಿದ ಟೀಚರ್ ಊರುಗೋಲು ಹಿಡಿದು ಎದ್ದು, ಲಿಫ್ಟಿನಲ್ಲಿ ಕೆಳಗಿಳಿದು, ಊಟದ ಹಾಲಿನ ಹೊರಗಿದ್ದ ನೋಟಿಸ್ ಬೋರ್ಡಿನ ಮುಂದೆ ಹೋಗಿ ನಿಂತರು. ಅಲ್ಲಿ ಕಪ್ಪು ಅಂಚು ಗೀಚಿದ ಒಂದು ಹಾಳೆ ಇತ್ತು. ಅವರ ತಂಗಿಯ ಹೆಸರು, ಹುಟ್ಟಿದ ವರ್ಷ, 'ನಮ್ಮೆಲ್ಲರ ಪ್ರೀತಿಯ ಜೀವ ಶಾಂತವಾಗಿ ನಮ್ಮನ್ನಗಲಿತು' ಎಂಬ ಸಾಲು. ಪೆನ್ಸಿಲಿನಲ್ಲಿ ಬರೆದದ್ದು, ನಕ್ಷೆ ಬಿಡಿಸುವವರ ಕೈ. ಅದೇ 'ತ', ಅದೇ 'ಪ'.

"ಶಾಂತವಾಗಿ," ಎಂದರು ಟೀಚರ್. "ಇದನ್ನ ಚೀಫ್ ಹದಿನಾಲ್ಕನೇ ತಾರೀಕು ಸಂಜೆ ಇಲ್ಲಿ ಕೂತು ಬರೆದ್ರು. ನಾನು ಥ್ಯಾಂಕ್ಸ್ ಹೇಳಿದೆ. ಥ್ಯಾಂಕ್ಸ್ ಹೇಳಿದೆ ಇನ್ಸ್‌ಪೆಕ್ಟರೇ ನಾನು."

"ಕೂತ್ಕೊಳ್ಳಿ ಅಮ್ಮಾ."

"ಬೇಡ. ನಿಮಗೆ ಇನ್ನೊಂದು ಗೊತ್ತಿರಲಿ. ಆ ಜನರೇಟರ್ ತೆಗೀಬೇಕು ಅಂತ ಅರ್ಜಿಗೆ ಮೊದಲ ಸಹಿ ಹಾಕಿದ್ದು ನನ್ನ ತಂಗಿ. ಅದರ ಹೊಗೆಗೆ ಅವಳು ರಾತ್ರಿಯೆಲ್ಲ ಕೆಮ್ಮುತ್ತಿದ್ದಳು. ಅದು ಹೋದ ದಿನ ಕಿಟಕಿ ತೆಗೆದು ಮಲಗಿದಳು. ನಾಳೆ ಯಾರಾದ್ರೂ ಈ ಸಾವನ್ನ ತೋರಿಸಿ, ನೋಡಿ ಸೋಲಾರ್ ನಂಬಿದ್ರೆ ಹೀಗೇ ಆಗೋದು ಅಂದ್ರೆ ಅವರ ಮೇಲೂ ದೂರು ಕೊಡ್ತೀನಿ. ಬಿಸಿಲು ಅವಳನ್ನ ಕೊಂದಿಲ್ಲ. ಹಾಳಾಗಿದೆ ಅಂತ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡ ಮನುಷ್ಯ ಕೊಂದಿದ್ದಾನೆ."

ನೋಟಿಸನ್ನು ಪಿನ್ನು ಸಮೇತ ತೆಗೆದು ಲಕೋಟೆಗೆ ಹಾಕಿ ಪಂಚರ ಸಹಿ ಪಡೆದರು. ಅಕ್ಷರ ಹೋಲಿಕೆಗೆ ತಜ್ಞರ ವರದಿ ಬರಲು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಕಾಯುವ ತಾಳ್ಮೆ ಇನ್ಸ್‌ಪೆಕ್ಟರ್‌ಗೆ ಇರಲಿಲ್ಲ.

ಹದಿನೆಂಟನೇ ತಾರೀಕು ಮಧ್ಯಾಹ್ನ ಎರಡೂವರೆಗೆ ನೆಲಮಹಡಿಯ ಚೀಫ್ ಕೋಣೆ. ಮೇಜಿನ ಮೇಲೆ ಬಿಚ್ಚಿದ ಟಾರ್ಚು, ಅದರ ಸ್ಕ್ರೂಗಳು ಅಳತೆಯ ಕ್ರಮದಲ್ಲಿ ಸಾಲಾಗಿ. ಚೀಫ್ ಇನ್ಸ್‌ಪೆಕ್ಟರ್, ತಂತಿ ಇಬ್ಬರಿಗೂ ಕುರ್ಚಿ ತೋರಿಸಿದರು.

"ಬ್ಯಾಟರಿ ಹಾಳಾಗಿದೆ ಅಂತ ನಿಮಗೆ ಗೊತ್ತಾದದ್ದು ಯಾವಾಗ?"

"ಹದಿನಾಲ್ಕನೇ ತಾರೀಕು. ಎಲ್ಲರಿಗೂ ಗೊತ್ತಾದಾಗ."

"ಅದಕ್ಕೆ ಮುಂಚೆ ಯಾರೂ ಹೇಳಿರಲಿಲ್ವಾ?"

"ಇಲ್ಲ."

"ಬ್ಯಾಟರಿ ಕೋಣೆಗೆ ನೀವು ಹೋಗಿ ಎಷ್ಟು ದಿನ ಆಯ್ತು?"

"ವರ್ಷದ ಮೇಲಾಯ್ತು. ಮೆಟ್ಟಿಲು ಇಳಿಯೋದು ಕಷ್ಟ."

ಇನ್ಸ್‌ಪೆಕ್ಟರ್ ಪುಸ್ತಕದ ಹಾಳೆ ತಿರುವಿದರು. "ಏನೇ ಹೇಳಿ ಸಾರ್, ಬ್ಯಾಟರಿ ಅಷ್ಟೊಂದೇನೂ ಕೆಟ್ಟಿರಲಿಲ್ಲ ಅನ್ನಿಸುತ್ತೆ. ಮೂರನೇ ಮಹಡಿ ಟೀಚರ್‌ಗೆ ವಯಸ್ಸಾಗಿದೆ, ಗಡಿಯಾರ ತಪ್ಪು ಓದಿದ್ದಾರೆ. ನಮ್ಮ ಪರೀಕ್ಷೆಯಲ್ಲಿ ನಲವತ್ತು ನಿಮಿಷ ನಡೀತು."

"ನಲವತ್ತು?" ಚೀಫ್ ಹುಬ್ಬು ಗಂಟಿಕ್ಕಿದರು. "ಸಾಧ್ಯವಿಲ್ಲ."

"ನಮ್ಮ ಹೆಡ್ ಕಾನ್‌ಸ್ಟೇಬಲ್ ಅಳೆದಿದ್ದಾರೆ."

"ಹಾಗಾದ್ರೆ ಅವರಿಗೆ ಅಳೆಯೋಕೆ ಬರಲ್ಲ. ಚಾವಣಿ ಫಲಕಗಳ ಸಂಪರ್ಕ ಪೂರ್ತಿ ತೆಗೆದಿರಲ್ಲ. ಸರಿಯಿದ್ದದ್ದೇ ಏಳು ಬ್ಯಾಟರಿ. ಆ ಏಳರ ಮೇಲೆ ಅಷ್ಟು ಲೋಡ್ ಹಾಕಿದ್ರೆ ಹದಿಮೂರು ನಿಮಿಷ ದಾಟೋಕೆ ಆಗಲ್ಲ, ಬೇಕಾದ್ರೆ ನಾನು ಲೆಕ್ಕ..."

ಅವರು ಅಲ್ಲಿಗೆ ನಿಲ್ಲಿಸಿದರು. ನಲವತ್ತು ವರ್ಷ ಬೇರೆಯವರ ಅಂಕಿಯನ್ನು ತಿದ್ದಿ ಬದುಕಿದ ಮನುಷ್ಯ. ತಪ್ಪು ಅಂಕಿಯನ್ನು ಕಂಡು ಸುಮ್ಮನೆ ಕೂರುವುದು ಅವರ ಕೈಯಲ್ಲಾಗುವ ಕೆಲಸವಲ್ಲ. ಬ್ಯಾಟರಿ ಕೋಣೆಗೆ ಹದಿನೈದರಿಂದ ಸೀಲು ಬಿದ್ದಿತ್ತು. ಸರಿಯಿದ್ದದ್ದು ಏಳು ಎಂಬುದು ಗೊತ್ತಿದ್ದದ್ದು ಪಂಚನಾಮೆಗೆ, ಎಲೆಕ್ಟ್ರಿಷಿಯನ್‌ಗೆ, ಅವನ ಚೀಟಿ ಓದಿದವರಿಗೆ.

"ಏಳು ಅಂತ ಯಾರು ಹೇಳಿದ್ರು ಸಾರ್?"

ಚೀಫ್ ಒಂದು ಸ್ಕ್ರೂ ಎತ್ತಿ, ನೋಡಿ, ಅದರ ಜಾಗದಲ್ಲೇ ಇಟ್ಟರು. ತಂತಿ ಗುಲಾಬಿ ಚೀಟಿಯನ್ನೂ ನೋಟಿಸನ್ನೂ ಅಕ್ಕಪಕ್ಕ ಇಟ್ಟ.

"ಬಜರ್ ನಾನೇ ಬಿಚ್ಚಿದೆ," ಎಂದರು ಚೀಫ್ ಕೊನೆಗೆ. "ಸ್ಟಿಕರ್ ಕೂಡ. ಎರಡು ತಿಂಗಳಲ್ಲಿ ತಪಾಸಣೆ ಮುಗಿಯುತ್ತೆ ಅಂದುಕೊಂಡಿದ್ದೆ, ಅವರು ತಾರೀಕು ಮುಂದೆ ಹಾಕ್ತಾ ಹೋದ್ರು. ಮುಗಿದ ಮಾರನೇ ದಿನವೇ ಬ್ಯಾಟರಿ ಬದಲಿಸೋನಿದ್ದೆ. ಮತ್ತೆ ಜೋಡಿಸೋ ಹಾಗೇ ಕಟ್ಟಿಟ್ಟಿದ್ದೆ, ನೋಡಿರಬೇಕಲ್ಲ."

"ಡ್ರಿಲ್ ಬಿಸಿಲಲ್ಲೇ ಮಾಡಿಸಿದ್ದು?"

"ಮೊದಲಿಂದ ಹನ್ನೊಂದಕ್ಕೇ ಇತ್ತು, ಅದು ಎಲ್ಲರ ಅನುಕೂಲಕ್ಕೆ. ಮೋಡ ಇದ್ರೆ ಬೇಡ ಅಂತ ಹೇಳಿದ್ದು ನಾನು. ಈ ನಾಲ್ಕು ತಿಂಗಳಲ್ಲಿ, ಎರಡು ಸಲ."

ಮಧ್ಯಾಹ್ನ ಮೂರು ಹತ್ತಕ್ಕೆ ಬಂಧನ. ಪರೀಕ್ಷಿಸದ ಬ್ಯಾಟರಿಗೆ ಯಶಸ್ವಿ ಎಂದು ಸಹಿ ಹಾಕಿದ ಮ್ಯಾನೇಜರ್ ಎರಡನೇ ಆರೋಪಿ. ರೋಗಿಯನ್ನು ಸರಿಯಾಗಿ ನೋಡದೆ ವಯೋಸಹಜ ಎಂದು ಗೀಚಿಕೊಟ್ಟ ಡಾಕ್ಟರ್ ಬಗ್ಗೆ ವೈದ್ಯ ಮಂಡಳಿಗೆ ಪ್ರತ್ಯೇಕ ವರದಿ ಹೋಯಿತು. ಜೀಪು ಹತ್ತುವ ಮುಂಚೆ ಮ್ಯಾನೇಜರ್ ಕೈಮುಗಿದ. "ಚೀಫನ್ನಾದ್ರೂ ಬಿಡಿ ಸಾರ್, ಅವರ ವಯಸ್ಸು ನೋಡಿ."

"ನಾಲ್ಕು ದಿನದಿಂದ ಈ ವಯಸ್ಸು ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ ನನಗೆ," ಎಂದರು ಇನ್ಸ್‌ಪೆಕ್ಟರ್. "ಸತ್ತವರಿಗೆ ವಯಸ್ಸಾಗಿತ್ತು, ಅದಕ್ಕೇ ಯಾರೂ ಕೇಳಬಾರದು. ಕೊಂದವರಿಗೆ ವಯಸ್ಸಾಗಿದೆ, ಅದಕ್ಕೂ ಕೇಳಬಾರದು. ಹತ್ತು ಒಳಗೆ."

ಟೀಚರ್ ಮೂರನೇ ಮಹಡಿಯ ಕಿಟಕಿಯಲ್ಲಿ ನಿಂತಿದ್ದರು. ಜೀಪು ಗೇಟು ದಾಟುವವರೆಗೂ ಅವರು ಅಲ್ಲಿಂದ ಕದಲಲಿಲ್ಲ.

ಠಾಣೆಯಲ್ಲಿ ಹೇಳಿಕೆ ಬರೆಸಿಕೊಳ್ಳುವಾಗ ಇನ್ಸ್‌ಪೆಕ್ಟರ್ ಮೊದಲ ಸಲ ದನಿ ಎತ್ತಿದರು. "ಮೂರು ವಾರ ಜನರೇಟರ್ ತಂದಿದ್ರೆ ನಿಮ್ಮದೇನು ಗಂಟು ಹೋಗ್ತಿತ್ತು?"

"ಮಗಳು ಹೋಗ್ತಿದ್ದಳು."

ಚೀಫ್ ಹೇಳಿದ್ದು ಇಷ್ಟು: ಅವರು ಕೆಲಸ ಮಾಡುತ್ತಿದ್ದ ಕಲ್ಲಿದ್ದಲು ಸ್ಥಾವರದ ಕ್ವಾರ್ಟರ್ಸ್ ಚಿಮಣಿಯ ಕೆಳಗೇ ಇತ್ತು. ಮಗಳು, ಅವಳ ಪುಟ್ಟ ಮಗ ಅವರ ಜೊತೆಗೇ ಇದ್ದರು. ಮಗುವಿಗೆ ಉಬ್ಬಸ ಹಿಡಿಯಿತು. ಹೊಗೆ ಸೋಸುವ ಯಂತ್ರ ಕೆಲಸ ಮಾಡುತ್ತಿಲ್ಲ, ಅದನ್ನು ಬರೆದುಕೊಡಿ ಅಪ್ಪಾ ಎಂದು ಮಗಳು ಕಾಲು ಹಿಡಿದುಕೊಂಡಿದ್ದಳು. ಎಲ್ಲ ಮಿತಿಯಲ್ಲೇ ಇದೆ ಎಂದು ಚೀಫ್ ಸಹಿ ಹಾಕಿದರು. ಅವಳು ಮಗುವನ್ನೆತ್ತಿಕೊಂಡು ಹೋದಳು. ಹದಿನಾರು ವರ್ಷ ಒಂದು ಮಾತಿಲ್ಲ. ಹನ್ನೊಂದು ತಿಂಗಳ ಹಿಂದೆ, ಹೊಗೆಯಿಲ್ಲದ ವಸತಿ ಎಂದು ಚೀಫ್ ಅವರ ಫೋಟೊ ಪತ್ರಿಕೆಯಲ್ಲಿ ಬಂದ ವಾರವೇ ಅವಳ ಫೋನು ಬಂತು. ಆಮೇಲೆ ಪ್ರತಿ ಭಾನುವಾರ ಹತ್ತು ಗಂಟೆಗೆ.

"ಅದನ್ನ ನೋಡಿ ಅವಳ ಮನಸ್ಸು ಕರಗಿತು. ಆ ಪ್ರಮಾಣಪತ್ರ ಹೋದ್ರೆ ಭಾನುವಾರ ಹತ್ತು ಗಂಟೆಯೂ ಹೋಗುತ್ತೆ ಅನ್ನಿಸ್ತು."

"ಹೊಗೆ ಬಿಡ್ತಿದ್ದಾಗಲೂ ಎಲ್ಲ ಸರಿ ಇದೆ ಅಂದ್ರಿ. ಹೊಗೆ ನಿಲ್ಲಿಸಿದ ಮೇಲೂ ಅದನ್ನೇ ಅಂದ್ರಿ," ಎಂದರು ಇನ್ಸ್‌ಪೆಕ್ಟರ್.

ಬಂಧನದ ವಿಷಯವನ್ನು ಹತ್ತಿರದ ಸಂಬಂಧಿಗೆ ತಿಳಿಸಬೇಕೆಂಬುದು ನಿಯಮ. ಚೀಫ್ ಕೊಟ್ಟದ್ದು ಮಗಳ ನಂಬರ್. ನಾಲ್ಕು ಐವತ್ತಕ್ಕೆ ಇನ್ಸ್‌ಪೆಕ್ಟರ್ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಫೋನ್ ಮಾಡಿದರು. ವಿಷಯ ಪೂರ್ತಿ ಹೇಳಿ ಮುಗಿಸಿದರು.

"ಪತ್ರಿಕೆಯಲ್ಲಿ ಅವರ ಫೋಟೊ ನೋಡಿ ನೀವು ಮತ್ತೆ ಮಾತು ಶುರುಮಾಡಿದ್ರಿ ಅಂತ ಹೇಳ್ತಿದ್ದಾರೆ."

"ಯಾವ ಪತ್ರಿಕೆ?" ಎಂದಿತು ಆ ದನಿ. "ನಾನು ಯಾವ ಪತ್ರಿಕೆಯನ್ನೂ ನೋಡಿಲ್ಲ. ನನ್ನ ಮಗ ಜಗಳ ಆಡಿಕೊಂಡು ಹತ್ತು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದ. ಹತ್ತೇ ದಿನ. ಆಗ ಅಪ್ಪನ ನೆನಪಾಯ್ತು. ಅಷ್ಟೇ ಸಾರ್."

"ಪ್ರಮಾಣಪತ್ರದ ವಿಷಯ ಅವರು ನಿಮಗೆ ಹೇಳಿರಲಿಲ್ವಾ?"

"ಏನೋ ಹೊಗೆ, ಪ್ರಶಸ್ತಿ ಅಂತ ಹೇಳ್ತಿದ್ರು. ನಾನು ಅಡುಗೆ ಮಾಡ್ತಾ ಹೂಂ ಹೂಂ ಅಂತಿದ್ದೆ. ಊಟ ಆಯ್ತಾ, ಮಾತ್ರೆ ತಗೊಂಡ್ರಾ ಅಂತ ಕೇಳೋಕೆ ಫೋನ್ ಮಾಡ್ತಿದ್ದೆ ನಾನು. ನಾಳೆ ಬೆಳಿಗ್ಗೆ ಬರ್ತೀನಿ."

ಇನ್ಸ್‌ಪೆಕ್ಟರ್ ಸಮಯ ಬರೆದುಕೊಂಡು ಹೊರಗೆ ಬಂದರು. ಸೆಲ್ಲಿನ ಬೆಂಚಿನ ಮೇಲೆ ಕೂತಿದ್ದ ಚೀಫ್ ಎದ್ದು ಸರಳಿನ ಹತ್ತಿರ ಬಂದರು. ಕೇಳಿದ್ದನ್ನೆಲ್ಲ ಆ ಮುಖದ ಮೇಲೆ ಎಸೆಯಬೇಕು ಎಂಬಷ್ಟು ಸಿಟ್ಟು ಇನ್ಸ್‌ಪೆಕ್ಟರ್‌ಗೆ ಬಂದಿತ್ತು. ಎಸೆಯಲಿಲ್ಲ. ಅದನ್ನು ಹೇಳಬೇಕಾದವಳು ನಾಳೆ ಬರುತ್ತಾಳೆ.

"ನಾಳೆ ಬರ್ತಾರಂತೆ," ಎಂದರು.

ಚೀಫ್ ಸರಳು ಹಿಡಿದುಕೊಂಡರು. "ಪ್ರಮಾಣಪತ್ರ ಏನಾಯ್ತು ಅಂತ ಕೇಳಿದಳಾ?"

"ಇಲ್ಲ," ಎಂದರು ಇನ್ಸ್‌ಪೆಕ್ಟರ್. "ಒಂದು ಸಲವೂ ಕೇಳಲಿಲ್ಲ."